ಅಂಗಡಿಗೆ ಬೀಗ ಬಿದ್ದರೂ ಬಾಡಿಗೆ ನಿಲ್ಲುವುದಿಲ್ಲ: ಕೊಡಗಿನ ಮಳಿಗೆ ಕರಾರುಗಳಿಂದ ಹೊರಬರುವ ದಾರಿ

2025ರ ಕೊನೆಯ ತಿಂಗಳುಗಳಲ್ಲಿ ‘ಹೊಸ ಬಾಡಿಗೆ ನಿಯಮ ಜಾರಿಗೆ ಬಂದಿದೆ’ ಎಂಬ ಸುದ್ದಿ ದೇಶದಾದ್ಯಂತ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿತು. ಮುಂಗಡ ಹಣಕ್ಕೆ ಮಿತಿ ಬಂದಿದೆ, ಕರಾರನ್ನು ಎರಡು ತಿಂಗಳೊಳಗೆ ನೋಂದಾಯಿಸದಿದ್ದರೆ ದಂಡ ಬೀಳುತ್ತದೆ, ಬಾಡಿಗೆದಾರನಿಗೆ ಹೊಸ ರಕ್ಷಣೆ ಸಿಕ್ಕಿದೆ ಎಂಬುದು ಅದರ ಸಾರವಾಗಿತ್ತು. ವ್ಯಾಪಾರ ಕುಸಿದು, ಮಳಿಗೆ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತೊಳಲಾಡುತ್ತಿರುವ ಸಣ್ಣ ವ್ಯಾಪಾರಿಗೆ ಇಂಥ ಸುದ್ದಿಯಿಂದ ಆಸೆ ಹುಟ್ಟುವುದು ಸಹಜ. ಆದರೆ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಅಂಗಡಿ ನಡೆಸುವವರು ಅದನ್ನೇ ನಂಬಿ ಬಾಗಿಲು ಮುಚ್ಚಿ ಹೊರಟರೆ, ಉಳಿದಿರುವ ಮುಂಗಡವನ್ನೂ ಕಳೆದುಕೊಳ್ಳುವ ಅಪಾಯವಿದೆ. ಯಾವ ಕಾನೂನು ನಮಗೆ ಅನ್ವಯಿಸುತ್ತದೆ, ಯಾವುದು ಅನ್ವಯಿಸುವುದಿಲ್ಲ ಎಂಬುದನ್ನು ಮೊದಲು ಬಿಡಿಸಿ ನೋಡಬೇಕಾಗಿದೆ.

ಸುದ್ದಿಯ ಹಿಂದಿರುವ ಮಾದರಿ ಕಾಯ್ದೆ

ಈ ಸುದ್ದಿಯ ಮೂಲ, ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿಗೆ ನೀಡಿದ ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಎರಡು ತಿಂಗಳ, ವಾಣಿಜ್ಯ ಮಳಿಗೆಗೆ ಆರು ತಿಂಗಳ ಬಾಡಿಗೆಯನ್ನು ಮೀರಿ ಮುಂಗಡ ಪಡೆಯಬಾರದೆಂದು ಅದು ಹೇಳುತ್ತದೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ ಮಾತ್ರ. ಬಾಡಿಗೆಯ ವಿಷಯದಲ್ಲಿ ಕಾನೂನು ಮಾಡಬೇಕಾದದ್ದು ರಾಜ್ಯಗಳು, ಮತ್ತು ಕರ್ನಾಟಕ ಆ ಮಾದರಿಯನ್ನು ಅಳವಡಿಸಿಕೊಂಡು ಕಾಯ್ದೆ ಮಾಡಿಲ್ಲ.

ನಮ್ಮಲ್ಲಿರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಅದು 14 ಚದರ ಮೀಟರಿಗಿಂತ, ಎಂದರೆ ಸುಮಾರು 150 ಚದರ ಅಡಿಗಿಂತ ದೊಡ್ಡದಾದ ವಾಣಿಜ್ಯ ಮಳಿಗೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದಕ್ಕಿಂತ ಚಿಕ್ಕ ಮಳಿಗೆಗಳಿಗೂ ಬಾಡಿಗೆಯ ಮಿತಿ ಇರುವುದರಿಂದ, ಪೇಟೆ ಬೀದಿಯ ಹೆಚ್ಚಿನ ಅಂಗಡಿಗಳು ಆ ಕಾಯ್ದೆಯ ಕೈಗೆ ಸಿಗುವುದೇ ಇಲ್ಲ. ಹಾಗಾಗಿ ಅಂತಿಮವಾಗಿ ಲೆಕ್ಕಕ್ಕೆ ಬರುವುದು ಬ್ರಿಟಿಷರ ಕಾಲದ ಎರಡು ಕಾಯ್ದೆಗಳು: 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1872ರ ಒಪ್ಪಂದ ಕಾಯ್ದೆ. ಇವೆರಡೂ, ಒಂದಷ್ಟು ವಿಷಯಗಳನ್ನು ಬಿಟ್ಟರೆ, ಇಬ್ಬರೂ ಸಹಿ ಹಾಕಿದ ಕಾಗದದಲ್ಲಿ ಏನಿದೆಯೋ ಅದಕ್ಕೇ ಮೊದಲ ಬೆಲೆ ಕೊಡುತ್ತವೆ.

ಹನ್ನೆರಡು ತಿಂಗಳ ಬಾಡಿಗೆ, ಎಂಟು ತಿಂಗಳ ವ್ಯಾಪಾರ

ಕೊಡಗಿನಲ್ಲಿ ಈ ಸಮಸ್ಯೆ ಬೇರೆ ಜಿಲ್ಲೆಗಳಿಗಿಂತ ಹೆಚ್ಚು ಬಿಗಿಯಾಗಿ ಕಾಣಲು ಕಾರಣವಿದೆ. ಬಾಡಿಗೆ ಪ್ರತಿ ತಿಂಗಳೂ ಒಂದೇ ಮೊತ್ತದಲ್ಲಿ ಕೊಡಬೇಕಾದದ್ದು. ಸಂಪಾದನೆ ಹಾಗೆ ಬರುವುದಿಲ್ಲ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗಿ, ರೋಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ ನಡೆದು, ತೋಟದ ಮಾಲೀಕರ ಮತ್ತು ಕಾರ್ಮಿಕರ ಕೈಯಲ್ಲಿ ಹಣ ಓಡಾಡುವ ತಿಂಗಳುಗಳಲ್ಲಿ ಸಿದ್ದಾಪುರ, ಸುಂಟಿಕೊಪ್ಪ, ಶನಿವಾರಸಂತೆಯಂಥ ಊರುಗಳ ಪೇಟೆ ಚುರುಕಾಗುತ್ತದೆ. ದಸರಾ, ಕ್ರಿಸ್‌ಮಸ್ ಹಾಗೂ ಬೇಸಿಗೆ ರಜೆಗಳಲ್ಲಿ ಬರುವ ಪ್ರವಾಸಿಗರನ್ನು ನೆಚ್ಚಿಕೊಂಡು ಕಾಫಿಪುಡಿ, ಜೇನು, ಏಲಕ್ಕಿ, ಮನೆಯಲ್ಲೇ ತಯಾರಿಸಿದ ಚಾಕೊಲೇಟ್ ಮಾರುವ ಅಂಗಡಿಗಳು ಬದುಕುತ್ತವೆ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಈ ಎರಡೂ ಕೈಗಳು ಒಟ್ಟಿಗೆ ಖಾಲಿಯಾಗುತ್ತವೆ. ವರ್ಷ ಚೆನ್ನಾಗಿದ್ದರೆ ಎಂಟು ತಿಂಗಳ ಗಳಿಕೆ ನಾಲ್ಕು ತಿಂಗಳ ಬಾಡಿಗೆಯನ್ನು ತೂಗಿಸುತ್ತದೆ. 2018ರ ಆಗಸ್ಟ್‌ನ ಭೂಕುಸಿತ, 2019ರ ಪ್ರವಾಹ, 2020ರ ಲಾಕ್‌ಡೌನ್ ಒಂದರ ಹಿಂದೊಂದು ಬಂದಾಗ ಆ ತೂಕ ತಪ್ಪಿತು. ಒಮ್ಮೆ ತಪ್ಪಿದ ಬಾಡಿಗೆ ಬಾಕಿಯಾಗಿ, ಬಾಕಿ ಮುಂಗಡವನ್ನು ತಿನ್ನತೊಡಗಿ, ಮುಂಗಡ ಕರಗಿದ ಮೇಲೆ ವ್ಯಾಪಾರಿಗೆ ಮಾತುಕತೆಗೆ ಕೂರಲು ಬಲವೇ ಉಳಿಯುವುದಿಲ್ಲ.

ಇದರ ಮೇಲೆ ತೆರಿಗೆಯ ಭಾರವೂ ಸೇರಿದೆ. 2024ರ ಅಕ್ಟೋಬರ್ 10ರಿಂದ, ಜಿಎಸ್‌ಟಿ ನೋಂದಣಿ ಇಲ್ಲದ ಮಾಲೀಕನಿಂದ ಮಳಿಗೆ ಪಡೆದ, ನೋಂದಣಿ ಇರುವ ವ್ಯಾಪಾರಿಯೇ ಬಾಡಿಗೆಯ ಮೇಲಿನ ಶೇ 18ರ ತೆರಿಗೆಯನ್ನು ನೇರವಾಗಿ ಸರ್ಕಾರಕ್ಕೆ ಕಟ್ಟಬೇಕಾಗಿದೆ. ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿರುವ ಸಣ್ಣ ವರ್ತಕರಿಗೆ 2025ರ ಜನವರಿಯಲ್ಲಿ ಇದರಿಂದ ವಿನಾಯಿತಿ ಸಿಕ್ಕಿತು. ಆದರೆ ಶೇ 5ರ ದರದಲ್ಲಿ ತೆರಿಗೆ ಕಟ್ಟುವ ಸಾಮಾನ್ಯ ಹೋಟೆಲುಗಳಿಗೂ, 2025ರ ಸೆಪ್ಟೆಂಬರ್ 22ರಿಂದ ಅದೇ ದರಕ್ಕೆ ಬಂದ, ದಿನಕ್ಕೆ 7,500 ರೂಪಾಯಿ ಮೀರದ ವಸತಿ ಕೊಠಡಿಗಳಿಗೂ ಹೀಗೆ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಹೊಂದಿಸಿಕೊಳ್ಳುವ ಅವಕಾಶವಿಲ್ಲ. 25,000 ರೂಪಾಯಿ ಬಾಡಿಗೆಯಿದ್ದಲ್ಲಿ ತಿಂಗಳಿಗೆ 4,500 ರೂಪಾಯಿ ಹೆಚ್ಚುವರಿ ಖರ್ಚು ಎಂದರ್ಥ.

ಕೈಯಲ್ಲಿರುವ ಕಾಗದ ಯಾವುದು?

ಬಿಡುವ ದಾರಿ ಸುಲಭವೋ ಕಷ್ಟವೋ ಎಂಬುದನ್ನು ನಿರ್ಧರಿಸುವುದು ಕರಾರು ಪತ್ರದ ಸ್ವರೂಪ. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಒಂದು ವರ್ಷವನ್ನು ಮೀರಿದ ಅವಧಿಯ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕೆಂದು ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಂ ಮತ್ತು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಹೇಳುತ್ತವೆ. ನಮ್ಮ ಪೇಟೆಗಳಲ್ಲಿ 11 ತಿಂಗಳ ಕರಾರು ಇಷ್ಟು ಬಳಕೆಯಲ್ಲಿರುವುದು ನೋಂದಣಿಯ ಖರ್ಚನ್ನು ತಪ್ಪಿಸಲಿಕ್ಕಾಗಿ.

ಈ ಉಳಿತಾಯದ ಪರಿಣಾಮ ಬಾಡಿಗೆದಾರ ಬಿಡಲು ಹೊರಟಾಗ ಗೊತ್ತಾಗುತ್ತದೆ. 11 ತಿಂಗಳು ಮುಗಿದ ಮೇಲೂ ಹೊಸ ಕಾಗದ ಮಾಡಿಕೊಳ್ಳದೆ ಬಾಡಿಗೆದಾರ ಬಾಡಿಗೆ ಕೊಡುತ್ತ, ಮಾಲೀಕ ಪಡೆಯುತ್ತ ಹೋದರೆ, ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಕಲಂ ಪ್ರಕಾರ ಆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ. ಅಂಥ ಮಾಸಿಕ ಬಾಡಿಗೆಯನ್ನು ಕೊನೆಗೊಳಿಸಲು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 106ನೇ ಕಲಂ ಕೇಳುವುದು 15 ದಿನಗಳ ಲಿಖಿತ ನೋಟಿಸ್ ಮಾತ್ರ. ಹಳೆಯ ಕಾಗದದಲ್ಲಿ ಎರಡು ಅಥವಾ ಮೂರು ತಿಂಗಳ ಮುನ್ಸೂಚನೆ ಕೊಡಬೇಕೆಂದು ಬರೆದಿದ್ದರೆ ಅದನ್ನು ಪಾಲಿಸುವುದೇ ಕ್ಷೇಮ.

ಇನ್ನು ಮೂರು ಅಥವಾ ಐದು ವರ್ಷವೆಂದು ಬರೆದು, ಸಹಿ ಹಾಕಿ, ನೋಂದಾಯಿಸದೆ ಬಿಟ್ಟ ಕರಾರುಗಳು. ಐದು ವರ್ಷದ ನೋಂದಣಿಯಾಗದ ಗುತ್ತಿಗೆ ಆ ಅವಧಿಗೆ ಊರ್ಜಿತವಲ್ಲ, ಆದರೆ ಸ್ವಾಧೀನ ಕೊಟ್ಟು ಬಾಡಿಗೆ ಪಡೆದದ್ದರಿಂದ ಮಾಸಿಕ ಬಾಡಿಗೆಯ ಸಂಬಂಧ ಏರ್ಪಡುತ್ತದೆ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆಂಟನಿ ವಿರುದ್ಧ ಕೆ.ಸಿ. ಇಟ್ಟೂಪ್ ಪ್ರಕರಣದಲ್ಲಿ ಹೇಳಿತು. ಗಿರಣಿ, ಸಂಸ್ಕರಣಾ ಘಟಕದಂಥ ತಯಾರಿಕೆಯ ಉದ್ದೇಶಕ್ಕೆ ಕೊಟ್ಟ ಜಾಗಕ್ಕೆ ಸಾಮಾನ್ಯವಾಗಿ ಆರು ತಿಂಗಳ ನೋಟಿಸ್ ಬೇಕು. ಆದರೆ ನೋಂದಣಿಯಾಗದ ಪತ್ರವನ್ನು ಹಿಡಿದು ಆ ಆರು ತಿಂಗಳನ್ನು ಕೇಳಲಾಗದು ಎಂಬುದು 2023ರ ಪಾಲ್ ರಬ್ಬರ್ ಇಂಡಸ್ಟ್ರೀಸ್ ತೀರ್ಪಿನಿಂದ ಇನ್ನಷ್ಟು ಸ್ಪಷ್ಟವಾಗಿದೆ. ಇದರರ್ಥ, ನೋಂದಣಿಯಾಗದ ಪತ್ರದಲ್ಲಿರುವ ‘ಮೂರು ವರ್ಷ ಬಿಡುವಂತಿಲ್ಲ’ ಎಂಬ ಸಾಲು ಕಂಡಷ್ಟು ಗಟ್ಟಿಯಲ್ಲ. ಕಡಿಮೆ ಮುದ್ರಾಂಕ ಶುಲ್ಕದ ಪತ್ರವಾಗಿದ್ದರೆ, 1957ರ ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯಡಿ ಕೊರತೆಯ ಹತ್ತು ಪಟ್ಟು ದಂಡ ತೆರದೆ ಅದನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವುದೂ ಕಷ್ಟ.

ನೋಂದಣಿಯಾದ ದೀರ್ಘಾವಧಿ ಗುತ್ತಿಗೆಯ ಮಾತು ಬೇರೆ. ಅವಧಿ ಮುಗಿಯುವ ಮೊದಲು ಬಿಡಲು ಅದರಲ್ಲೇ ಅವಕಾಶ ಬರೆದಿರಬೇಕು, ಇಲ್ಲವೇ ಮಾಲೀಕ ಒಪ್ಪಬೇಕು. ವ್ಯಾಪಾರ ನಷ್ಟದಲ್ಲಿದೆ ಎಂಬುದು ಕಾನೂನಿನ ಕಣ್ಣಿನಲ್ಲಿ ಬಿಡುವುದಕ್ಕೆ ಕಾರಣವೇ ಅಲ್ಲ.

ನಗರಸಭೆ, ಪುರಸಭೆ, ಪಂಚಾಯಿತಿಗಳು ಹರಾಜಿನಲ್ಲಿ ಕೊಡುವ ಮಳಿಗೆಗಳಿಗೆ ಹರಾಜಿನ ಷರತ್ತುಗಳೇ ಕರಾರು. 1974ರ ಸಾರ್ವಜನಿಕ ಆವರಣಗಳ ಕಾಯ್ದೆಯಡಿ ಅಲ್ಲಿನ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದಾದ್ದರಿಂದ, ಅಂಥ ಮಳಿಗೆಯನ್ನು ಸುಮ್ಮನೆ ಬಿಟ್ಟುಹೋಗುವುದು ಖಾಸಗಿ ಮಳಿಗೆಯನ್ನು ಬಿಡುವುದಕ್ಕಿಂತ ಅಪಾಯಕಾರಿ.

ಕೊಡಗಿಗೇ ವಿಶಿಷ್ಟವಾದ ಮತ್ತೊಂದು ತೊಡಕು ಜಮ್ಮಾ ಜಾಗದ, ಎಂದರೆ ಕುಟುಂಬಗಳು ವಂಶಪಾರಂಪರ್ಯವಾಗಿ ಹೊಂದಿರುವ ಭೂಮಿಯ ಕಟ್ಟಡಗಳದ್ದು. ದಾಖಲೆಗಳಲ್ಲಿ ಪಟ್ಟೇದಾರರ (ಕುಟುಂಬದ ಮುಖ್ಯಸ್ಥರ) ಮತ್ತು ಕುಟುಂಬದವರ ಹೆಸರು ಜಂಟಿಯಾಗಿದ್ದು, ಕರಾರಿಗೆ ಸಹಿ ಹಾಕಿದವರು ಅವರಲ್ಲಿ ಒಬ್ಬರೇ ಆಗಿರಬಹುದು. ಬಾಡಿಗೆ ನಡೆಯುತ್ತಿರುವಷ್ಟು ದಿನ ಇದು ಯಾರಿಗೂ ತೊಂದರೆಯಲ್ಲ. ಬಿಡುವಾಗ ಮಾತ್ರ ನೋಟಿಸ್ ಯಾರಿಗೆ, ಕೀಲಿಕೈ ಯಾರ ಕೈಗೆ, ಮುಂಗಡ ವಾಪಸ್ ಕೊಡಬೇಕಾದವರು ಯಾರು ಎಂಬ ಮೂರು ಪ್ರಶ್ನೆಗಳು ಒಟ್ಟಿಗೆ ಏಳುತ್ತವೆ. ಸಹಿ ಹಾಕಿದವರಿಗೂ ಬಾಡಿಗೆ ಪಡೆಯುತ್ತಿದ್ದವರಿಗೂ ಒಂದೇ ದಿನ ನೋಟಿಸ್ ಕಳಿಸುವುದು ಇದಕ್ಕಿರುವ ಸರಳ ಪರಿಹಾರ.

ಲಾಕ್-ಇನ್ ಅವಧಿಯ ಲೆಕ್ಕ

ನಿರ್ದಿಷ್ಟ ಅವಧಿಯವರೆಗೆ ಬಿಡುವಂತಿಲ್ಲ, ಬಿಟ್ಟರೆ ಉಳಿದ ತಿಂಗಳುಗಳ ಬಾಡಿಗೆಯನ್ನೆಲ್ಲ ಕೊಡಬೇಕು ಎಂಬ ಷರತ್ತನ್ನು ಲಾಕ್-ಇನ್ ಎನ್ನುತ್ತಾರೆ. ನೋಂದಣಿಯಾದ ಕರಾರಿನಲ್ಲಿ ಅದಿದ್ದರೆ ಪೂರ್ತಿ ಮೊತ್ತ ತೆರಲೇಬೇಕೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಒಪ್ಪಂದ ಕಾಯ್ದೆಯ 74ನೇ ಕಲಂ ಪ್ರಕಾರ, ಕರಾರಿನಲ್ಲಿ ಬರೆದ ಮೊತ್ತ ಪರಿಹಾರದ ಮೇಲ್ಮಿತಿ. ಅದರೊಳಗೆ ನ್ಯಾಯಾಲಯ ಕೊಡಿಸುವುದು ಸಮಂಜಸವಾದ ಪರಿಹಾರವನ್ನು. ನಷ್ಟವೇ ಆಗಿಲ್ಲದಿದ್ದರೆ, ಇಟ್ಟ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ವಿವರಿಸಿದೆ. ನಷ್ಟವನ್ನು ತಗ್ಗಿಸಲು ಮಾಲೀಕನಿಗಿದ್ದ ದಾರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು 73ನೇ ಕಲಂ ವಿವರಣೆ ಹೇಳುತ್ತದೆ.

ಒಂದು ಊಹೆಯ ಲೆಕ್ಕದಿಂದ ಇದು ಸ್ಪಷ್ಟವಾದೀತು. ಬಾಡಿಗೆ ತಿಂಗಳಿಗೆ 20,000 ರೂಪಾಯಿ, ಲಾಕ್-ಇನ್ 36 ತಿಂಗಳು, ಮುಂಗಡ 2 ಲಕ್ಷ ಎಂದಿಟ್ಟುಕೊಳ್ಳೋಣ. ಬಾಡಿಗೆದಾರ 14 ತಿಂಗಳಿಗೆ ಬಿಟ್ಟರೆ ಉಳಿದ 22 ತಿಂಗಳಿಗೆ ಮಾಲೀಕ ಕೇಳಬಹುದಾದದ್ದು 4.4 ಲಕ್ಷ. ಮಳಿಗೆ ನಾಲ್ಕು ತಿಂಗಳು ಖಾಲಿ ಇದ್ದು, ಆಮೇಲೆ 18,000 ರೂಪಾಯಿಗೆ ಬೇರೊಬ್ಬರು ಬಂದರೆ, ನಿಜವಾದ ನಷ್ಟ ನಾಲ್ಕು ತಿಂಗಳ 80,000 ಮತ್ತು ಉಳಿದ 18 ತಿಂಗಳ ವ್ಯತ್ಯಾಸದ 36,000, ಒಟ್ಟು 1,16,000. ಮುಂಗಡದಲ್ಲಿ ಅದನ್ನು ಕಳೆದರೆ 84,000 ರೂಪಾಯಿ ಬಾಡಿಗೆದಾರನಿಗೇ ವಾಪಸ್ ಬರಬೇಕು. ಎರಡು ಲೆಕ್ಕಗಳ ನಡುವಿನ ಅಂತರ ಮೂರು ಲಕ್ಷವನ್ನೂ ಮೀರುತ್ತದೆ. ಆದರೆ ಇದು ತಾನಾಗಿ ಸಿಗುವ ಹಕ್ಕಲ್ಲ. ಕರಾರಿನ ಮಾತು ಮತ್ತು ಎರಡೂ ಕಡೆಯ ಸಾಕ್ಷ್ಯವನ್ನು ನೋಡಿ ನ್ಯಾಯಾಲಯಗಳು ತೀರ್ಮಾನಿಸುವುದರಿಂದ, ಫಲ ಪ್ರಕರಣದಿಂದ ಪ್ರಕರಣಕ್ಕೆ ಬೇರೆಯಾಗುತ್ತದೆ. ಹೊಸ ಬಾಡಿಗೆದಾರ ಯಾವ ತಿಂಗಳು, ಎಷ್ಟು ಬಾಡಿಗೆಗೆ ಬಂದ ಎಂಬುದನ್ನು ಹಳೆಯ ಬಾಡಿಗೆದಾರ ಗಮನಿಸಿ ದಾಖಲೆ ಇಟ್ಟುಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಗುಡ್ಡ ಕುಸಿದರೆ ಕರಾರು ಬೀಳುತ್ತದೆಯೇ?

ಪ್ರಕೃತಿ ವಿಕೋಪದಿಂದ ವ್ಯಾಪಾರ ನಿಂತಾಗ ಕರಾರೂ ರದ್ದಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಒಪ್ಪಂದ ಪಾಲಿಸಲು ಅಸಾಧ್ಯವಾದರೆ ಅದು ಅನೂರ್ಜಿತ ಎನ್ನುವ ಒಪ್ಪಂದ ಕಾಯ್ದೆಯ 56ನೇ ಕಲಂ ಈ ನಂಬಿಕೆಯ ಮೂಲ. ಆದರೆ ಗುತ್ತಿಗೆಯಲ್ಲಿ ಜಾಗದ ಹಕ್ಕು ಆಗಲೇ ವರ್ಗವಾಗಿಬಿಟ್ಟಿರುವುದರಿಂದ ಆ ಕಲಂ ಗುತ್ತಿಗೆಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ರಾಜಾ ಧ್ರುವ್ ದೇವ್ ಚಂದ್ ಪ್ರಕರಣದಲ್ಲಿ ಹೇಳಿದೆ. ಕೋವಿಡ್ ಲಾಕ್‌ಡೌನ್ ಕಾರಣಕ್ಕೆ ಬಾಡಿಗೆ ತಡೆಹಿಡಿಯಲು ಅನುಮತಿ ಕೇಳಿದ ಅಂಗಡಿಯೊಂದರ ಅರ್ಜಿಯನ್ನು ದೆಹಲಿ ಹೈಕೋರ್ಟ್ 2020ರ ಮೇ ತಿಂಗಳಲ್ಲಿ ತಳ್ಳಿಹಾಕಿದ್ದೂ ಇದೇ ದಾರಿಯಲ್ಲಿ.

ಬಾಡಿಗೆದಾರನಿಗೆ ಉಳಿಯುವುದು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ‘ಇ’ ಖಂಡ. ಬೆಂಕಿ, ಬಿರುಗಾಳಿ, ಪ್ರವಾಹ ಅಥವಾ ತಡೆಯಲಾಗದ ಶಕ್ತಿಯಿಂದ ಸ್ವತ್ತಿನ ಮುಖ್ಯ ಭಾಗ ನಾಶವಾದರೆ, ಇಲ್ಲವೇ ಕೊಟ್ಟ ಉದ್ದೇಶಕ್ಕೆ ಅದು ಗಣನೀಯವಾಗಿ ಮತ್ತು ಶಾಶ್ವತವಾಗಿ ಅಯೋಗ್ಯವಾದರೆ, ಗುತ್ತಿಗೆಯನ್ನು ರದ್ದುಪಡಿಸುವ ಆಯ್ಕೆ ಬಾಡಿಗೆದಾರನದು. ಇಲ್ಲಿ ‘ಶಾಶ್ವತವಾಗಿ’ ಎಂಬ ಒಂದೇ ಪದ ಬಹಳ ಜನರನ್ನು ಹೊರಗಿಡುತ್ತದೆ. ಮಡಿಕೇರಿಯ ಇಳಿಜಾರಿನಲ್ಲಿ ಮಣ್ಣು ಜರಿದು ಕಟ್ಟಡವೇ ಕುಸಿದವರಿಗೆ ಈ ಆಯ್ಕೆ ಇದೆ. ಕುಶಾಲನಗರದಲ್ಲಿ ಕಾವೇರಿಯ ನೀರು ಒಳನುಗ್ಗಿ ವಾರದ ನಂತರ ಇಳಿದು, ತೊಳೆದರೆ ಬಳಸಬಹುದಾದ ಮಳಿಗೆಯವರಿಗೆ ಇಲ್ಲ. ರಸ್ತೆ ಕುಸಿದು ಗಿರಾಕಿಗಳು ಬಾರದೆ, ಕಟ್ಟಡ ಮಾತ್ರ ಗಟ್ಟಿಯಾಗಿ ನಿಂತಿರುವವರಿಗಂತೂ ಖಂಡಿತ ಇಲ್ಲ. ಕೊಡಗಿನ ವ್ಯಾಪಾರಿಗಳಲ್ಲಿ ಹೆಚ್ಚಿನವರಿಗೆ ಬರುವ ಕಷ್ಟ ಈ ಕೊನೆಯ ಬಗೆಯದು ಎಂಬುದು ಕಾನೂನಿನ ದೊಡ್ಡ ಕೊರತೆಯೆಂದೇ ಹೇಳಬೇಕು.

ಆಯ್ಕೆ ಇರುವವರೂ ಅದನ್ನು ಬಳಸಬೇಕು. ಕಟ್ಟಡ ಬಿದ್ದರೂ ಕೆಳಗಿನ ನೆಲ ಉಳಿದಿರುವುದರಿಂದ ಬಾಡಿಗೆ ಸಂಬಂಧ ತಾನಾಗಿ ಮುಗಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಶಾ ರತನ್ಸಿ ಖಿಮ್ಜಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ರದ್ದುಪಡಿಸುತ್ತಿದ್ದೇನೆ ಎಂಬ ಲಿಖಿತ ನೋಟಿಸ್ ಮಾಲೀಕನಿಗೆ ತಲುಪಲೇಬೇಕು.

ಮಾಲೀಕರ ಕಡೆಯ ಮಾತು

ಬಾಡಿಗೆದಾರನ ಕಷ್ಟ ಎದ್ದು ಕಾಣುವಷ್ಟು ಮಾಲೀಕನದು ಕಾಣುವುದಿಲ್ಲ. ಸಣ್ಣ ಪೇಟೆಗಳಲ್ಲಿ ಮಳಿಗೆಯ ಬಾಡಿಗೆ ವೃದ್ಧ ದಂಪತಿಯ ಔಷಧಿಯ ಖರ್ಚೋ, ಕಟ್ಟಡ ಸಾಲದ ಕಂತೋ ಆಗಿರಬಹುದು. ಹಿಂದಿನವರು ಬಿಟ್ಟಾಗ ಬಣ್ಣ, ಷಟರ್, ವಿದ್ಯುತ್ ಕೆಲಸಕ್ಕೆ ಹಾಕಿದ ಹಣ ಹುಟ್ಟಬೇಕಾದರೆ ಎರಡು ವರ್ಷವಾದರೂ ಒಬ್ಬರೇ ಇರಬೇಕೆಂಬುದು ಅವರ ವಾದ, ಅದರಲ್ಲಿ ಹುರುಳಿದೆ. ವ್ಯಾಪಾರದ ಲಾಭದಲ್ಲಿ ಪಾಲಿಲ್ಲದವರಿಗೆ ನಷ್ಟದಲ್ಲಿ ಪಾಲು ಏಕೆ ಎಂಬ ಪ್ರಶ್ನೆಗೂ ಕಾನೂನಿನಲ್ಲಿ ಅವರ ಪರವಾದ ಉತ್ತರವೇ ಇದೆ.

ಆದರೆ ಬಾಡಿಗೆ ಕೊಡಲಾಗದವನನ್ನು ಹಿಡಿದಿಟ್ಟುಕೊಳ್ಳುವುದು ಮಾಲೀಕನಿಗೂ ಲಾಭವಲ್ಲ. ಬಾಕಿ ಬಾಡಿಗೆಗೆ ದಾವೆ ಹೂಡಲು ಮೂರು ವರ್ಷದ ಕಾಲಮಿತಿಯಿದೆ. ದಾವೆ ಮುಗಿಯುವ ಹೊತ್ತಿಗೆ ವಸೂಲು ಮಾಡಲು ಎದುರಿನವರ ಬಳಿ ಏನೂ ಉಳಿದಿರದಿರಬಹುದು. ಎರಡು ಮೂರು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಂಡು ಬಿಡುಗಡೆ ಕೊಡುವ ರಾಜಿ ಇಬ್ಬರಿಗೂ ಅಗ್ಗವೆನಿಸುವುದು ಈ ಕಾರಣದಿಂದ.

ಕೀಲಿಕೈ ಮತ್ತು ಚೆಕ್ಕು

ಅಂಗಡಿ ಮುಚ್ಚಿದ ದಿನಕ್ಕೂ ಬಾಡಿಗೆ ನಿಂತ ದಿನಕ್ಕೂ ಸಂಬಂಧವಿಲ್ಲ. ಮಳಿಗೆಯ ಸ್ವಾಧೀನ ಮಾಲೀಕನಿಗೆ ಮರಳುವವರೆಗೆ ಹೊಣೆ ಬೆಳೆಯುತ್ತಲೇ ಇರುತ್ತದೆ. ಬೀಗ ಹಾಕಿ ಊರಿಗೆ ಹೋದವರು ಆರು ತಿಂಗಳ ನಂತರ ಆರು ತಿಂಗಳ ಬಾಡಿಗೆಯ ನೋಟಿಸ್ ಕಂಡು ಬೆಚ್ಚುವುದಕ್ಕೆ ಕಾರಣ ಇದು. ಮುಂಗಡ ಬಂದ ಮೇಲೆಯೇ ಕೀಲಿ ಕೊಡುತ್ತೇನೆ ಎಂಬ ಹಟವೂ ಅಷ್ಟೇ ಅಪಾಯಕಾರಿ, ಏಕೆಂದರೆ ಆ ದಿನಗಳಿಗೂ ಮಾಲೀಕ ಪರಿಹಾರ ಕೇಳಬಹುದು. ನೋಟಿಸನ್ನು ನೋಂದಣಿ ಮತ್ತು ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಹಸ್ತಾಂತರದ ದಿನ ಮತ್ತು ವೇಳೆಯನ್ನು ಅದರಲ್ಲೇ ತಿಳಿಸಿ, ಆ ದಿನ ಮಳಿಗೆಯ ಚಿತ್ರ ತೆಗೆದು, ವಿದ್ಯುತ್ (ಸೆಸ್ಕ್) ಮೀಟರಿನ ಅಂಕಿ ಗುರುತಿಸಿ, ಕೀಲಿಕೈ ಪಡೆದದ್ದಕ್ಕೆ ಸಹಿ ತೆಗೆದುಕೊಳ್ಳಬೇಕು. ಮಾಲೀಕ ಪಡೆಯಲು ಒಪ್ಪದಿದ್ದರೆ, ಕೊಡಲು ಬಂದದ್ದಕ್ಕೆ ಈ ದಾಖಲೆಗಳೇ ಸಾಕ್ಷಿ. ತಾನು ಹಾಕಿಸಿದ ಕಪಾಟು, ಯಂತ್ರ, ಫಲಕಗಳನ್ನು ಸ್ವಾಧೀನದಲ್ಲಿರುವಾಗಲೇ ತೆಗೆಯುವ ಹಕ್ಕು ಬಾಡಿಗೆದಾರನಿಗಿದೆ; ಕೀಲಿ ಕೊಟ್ಟ ಮೇಲೆ ಅದು ಜಗಳದ ವಸ್ತುವಾಗುತ್ತದೆ.

ಮುಂದಿನ ತಿಂಗಳುಗಳ ಬಾಡಿಗೆಗೆ ಮೊದಲೇ ಚೆಕ್ಕುಗಳನ್ನು ಕೊಟ್ಟಿರುವವರು ಅವುಗಳನ್ನು ಮರೆಯಬಾರದು. ಬ್ಯಾಂಕಿಗೆ ಹೇಳಿ ಪಾವತಿ ತಡೆದರೂ ಚೆಕ್ ಬೌನ್ಸ್ ಪ್ರಕರಣ ದಾಖಲಾಗಬಹುದು, ಅದು ಕ್ರಿಮಿನಲ್ ಪ್ರಕರಣ. ಚೆಕ್ಕು ಬ್ಯಾಂಕಿಗೆ ಬಂದ ದಿನ ಅಷ್ಟು ಮೊತ್ತದ ಸಾಲ ನಿಜವಾಗಿ ಇದ್ದಿರಬೇಕು ಎಂಬ 2022ರ ಸುಪ್ರೀಂ ಕೋರ್ಟ್ ತೀರ್ಪು ಬಾಡಿಗೆದಾರನ ನೆರವಿಗೆ ಬರುತ್ತದೆಯಾದರೂ, ಅದನ್ನು ಹೇಳಲು ನ್ಯಾಯಾಲಯಕ್ಕೆ ಅಲೆಯುವುದು ತಪ್ಪುವುದಿಲ್ಲ. ಬಳಸದ ಚೆಕ್ಕುಗಳ ಸಂಖ್ಯೆಯನ್ನು ಹಸ್ತಾಂತರ ಪತ್ರದಲ್ಲೇ ನಮೂದಿಸಿ ವಾಪಸ್ ಪಡೆಯುವುದು ಒಳ್ಳೆಯದು.

ಬೇರೊಬ್ಬರನ್ನು ತಂದು ಕೂರಿಸಿ ತಾನು ಹೊರಬರುವ ದಾರಿಯೂ ಇದೆ. ಕರಾರು ಅದನ್ನು ನಿಷೇಧಿಸಿರಬಾರದು ಮಾತ್ರವಲ್ಲ, ಕೈಬದಲಾದರೂ ಹಳೆಯ ಬಾಡಿಗೆದಾರನ ಹೊಣೆ ಮುಗಿಯುವುದಿಲ್ಲವೆಂದು ಕಾಯ್ದೆಯೇ ಹೇಳುತ್ತದೆ. ಹಳೆಯ ಕರಾರನ್ನು ಬರಹದಲ್ಲಿ ಮುಗಿಸಿ, ಮಾಲೀಕನೂ ಹೊಸಬನೂ ಬೇರೆ ಕರಾರು ಮಾಡಿಕೊಂಡರೆ ಮಾತ್ರ ಬಿಡುಗಡೆ ಪೂರ್ಣ.

ಮಾತು ಮುರಿದಾಗ

ಮೂರು ಲಕ್ಷ ರೂಪಾಯಿಗೆ ಕಡಿಮೆಯಲ್ಲದ ವಾಣಿಜ್ಯ ವಿವಾದಗಳಲ್ಲಿ, ತುರ್ತು ಆದೇಶ ಬೇಕಿಲ್ಲದಿದ್ದರೆ, ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅದಕ್ಕೆ ಬಾಗಿಲು. ಅದಕ್ಕಿಂತ ಚಿಕ್ಕ ಮೊತ್ತಕ್ಕೆ ಲೋಕ ಅದಾಲತ್ ಇದೆ. ಅಲ್ಲಿನ ರಾಜಿಗೆ ಡಿಕ್ರಿಯ ಬಲವಿದ್ದು, ಮೇಲ್ಮನವಿ ಇಲ್ಲ. ಪ್ರವಾಹದಂಥ ವಿಕೋಪಕ್ಕೆ ಸಿಲುಕಿದವರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಂ ಉಚಿತ ಕಾನೂನು ನೆರವಿನ ಅರ್ಹತೆ ಕೊಟ್ಟಿದೆ. ಏಕಮಾಲೀಕತ್ವದ ಅಂಗಡಿಯಲ್ಲಿ ಅಂಗಡಿಯ ಸಾಲಕ್ಕೆ ವ್ಯಾಪಾರಿಯ ಸ್ವಂತ ಆಸ್ತಿಯೂ ಹೊಣೆಯಾಗುವುದರಿಂದ, ಇಂಥ ನೆರವನ್ನು ತಡಮಾಡದೆ ಬಳಸಿಕೊಳ್ಳಬೇಕು.

ಯಾವ ತಿಂಗಳು ಬಿಡಬೇಕು?

ಈ ಎಲ್ಲ ಲೆಕ್ಕದಲ್ಲಿ ಕಾಲದ ಪಾತ್ರ ದೊಡ್ಡದು. ಮಾರ್ಚ್‌ನಲ್ಲಿ ನೋಟಿಸ್ ಕೊಟ್ಟರೆ ಮಾಲೀಕ ಬೇಸಿಗೆಯ ವ್ಯಾಪಾರವನ್ನು ತೋರಿಸಿ ಹೊಸಬರನ್ನು ಹುಡುಕಬಲ್ಲ. ಜೂನ್ ಕೊನೆಯಲ್ಲಿ ಕೊಟ್ಟರೆ ಮಳೆ ಮುಗಿಯುವವರೆಗೆ ಮಳಿಗೆ ಖಾಲಿ ಬೀಳುವ ಸಂಭವ ಹೆಚ್ಚು, ಮತ್ತು ಆ ಖಾಲಿ ತಿಂಗಳುಗಳೇ ನಷ್ಟದ ಲೆಕ್ಕದಲ್ಲಿ ಬಾಡಿಗೆದಾರನ ತಲೆಗೆ ಬರುತ್ತವೆ. ಇನ್ನೊಂದು ಮಳೆಗಾಲವನ್ನು ದಾಟಬಲ್ಲೆವೇ ಎಂಬ ಲೆಕ್ಕವನ್ನು ಕೊಯ್ಲು ಮುಗಿಯುವ ಹೊತ್ತಿಗೇ ಹಾಕುವುದು ಇದರಿಂದ ಅಗತ್ಯವಾಗುತ್ತದೆ. ದಾಟಬಹುದೆನಿಸಿದವರು ಬಿಡುವ ಬದಲು ಬಾಡಿಗೆಯನ್ನೇ ಮರುಹೊಂದಿಸಲು ಕೇಳಬಹುದು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿಮೆ, ಉಳಿದ ತಿಂಗಳುಗಳಲ್ಲಿ ತುಸು ಹೆಚ್ಚು, ವರ್ಷದ ಒಟ್ಟು ಮೊತ್ತ ಅಷ್ಟೇ.

ವಿಕೋಪದಿಂದ ಜಾಗ ಬಳಸಲಾಗದಷ್ಟು ದಿನ ಬಾಡಿಗೆ ಕೇಳಬಾರದು ಎಂಬ ಅಂಶ ಮಾದರಿ ಕಾಯ್ದೆಯಲ್ಲಿದೆ. ಕೊಡಗಿಗೆ ಬೇಕಾದದ್ದಕ್ಕೆ ಅದು ಹತ್ತಿರವಾಗಿದೆ. ಆದರೆ ಕರ್ನಾಟಕ ನಾಳೆಯೇ ಅದನ್ನು ಅ‍ಳವಡಿಸಿಕೊಂಡರೂ, ಈಗಾಗಲೇ ನಡೆಯುತ್ತಿರುವ ಬಾಡಿಗೆಗಳನ್ನು ಮುಟ್ಟದೆ ಮುಂದಿನ ಕರಾರುಗಳಿಗೆ ಮಾತ್ರ ಅನ್ವಯಿಸುವಂತೆ ಆ ಮಾದರಿ ರೂಪುಗೊಂಡಿದೆ. ಅಲ್ಲಿಯವರೆಗೆ ರಸ್ತೆ ಮುಚ್ಚಿದ ದಿನಗಳ ಬಾಡಿಗೆ ಎಷ್ಟು, ಎಷ್ಟು ದಿನ ಮುಂಚೆ ಹೇಳಿ ಬಿಡಬಹುದು, ಮುಂಗಡ ಎಷ್ಟು ದಿನದಲ್ಲಿ ವಾಪಸ್ ಎಂಬ ಮೂರು ಸಾಲುಗಳಿಗೆ ಜಾಗವಿರುವುದು ಮುಂದಿನ ಸಲ ನವೀಕರಿಸುವ ಕರಾರು ಪತ್ರದಲ್ಲಿ ಮಾತ್ರ.